ಕಡಲ ಸೊಪ್ಪು ಸೋಸಿದ ಅತ್ತೆ

ಅತ್ತೆಯ ಮೂಗು ಅವರ ಮುಖಕ್ಕೆ ಒಂದು ಅಳತೆ ದೊಡ್ಡದು. ಎಡಗಡೆ ಹರಳಿನ ಮೂಗುಬೊಟ್ಟು, ಅದರ ಮೇಲೆ ಹಣೆಯಿಂದ ಉದುರಿದ ಒಂದಿಷ್ಟು ವಿಭೂತಿ. ಏನನ್ನಾದರೂ ಮೂಸುವಾಗ ಹೊಳ್ಳೆಗಳು ಅರಳಿ, ಆ ಹರಳು ಒಂದು ಸಲ ಮಿಂಚಿ ಸುಮ್ಮನಾಗುತ್ತಿತ್ತು. ಅವರು ಮೂಸದ ವಸ್ತುವೇ ಇರಲಿಲ್ಲ. ಹಾಲಿನ ಪಾತ್ರೆ, ಒಗೆದು ತಂದ ಬಟ್ಟೆ, ನನ್ನ ಹೊಸ ಪುಸ್ತಕ, ಊರಿಂದ ಬಂದ ನೆಂಟರು, ಎಲ್ಲಕ್ಕೂ ಮೂಗಿನ ಪರೀಕ್ಷೆ ಆಗಲೇಬೇಕು. ತಾವು ತರಕಾರಿ ಕೊಳ್ಳುವ ಅಗತ್ಯವಿಲ್ಲದಿದ್ದರೂ ಎದುರು ಮನೆಯವರು ಗಾಡಿಯ ಮುಂದೆ ನಿಂತರೆ ಇವರೂ ಹೋಗಿ ನಿಲ್ಲುತ್ತಿದ್ದರು. ಒಂದು ಬದನೆಕಾಯಿಯನ್ನು ತೊಟ್ಟಿನ ಹತ್ತಿರ ಹಿಡಿದು ಮೂಸಿ, "ಇದು ನಿನ್ನೆ ಸಂಜೆ ಕಿತ್ತಿದ್ದು, ಒದ್ದೆ ಗೋಣೀಲಿ ಕಟ್ಟಿಟ್ಟಿದ್ರು" ಎಂದು ತೀರ್ಪು ಕೊಟ್ಟು ಒಳಗೆ ಬರುತ್ತಿದ್ದರು. ಗಾಡಿಯವನು ಅವರು ಒಳಗೆ ಹೋಗುವವರೆಗೆ ಕಾದು ಗೊಣಗುತ್ತಿದ್ದ.

ಅವರು ನನ್ನ ತಂದೆಯ ಅಕ್ಕ. ಮೈಸೂರಿನ ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ, ಎದುರು ಮನೆಯ ಒಗ್ಗರಣೆಗೆ ನಾವು ಸೀನುವಷ್ಟು ಇಕ್ಕಟ್ಟಿನಲ್ಲಿ ಅವರ ಮನೆ. ಓದಲೆಂದು ಆ ಮನೆಗೆ ಬಂದ ನಾನು ಓದು ಮುಗಿದ ಮೇಲೂ ಅಲ್ಲೇ ಉಳಿದುಬಿಟ್ಟೆ. ಅವರಿಗೆ ಮಕ್ಕಳಿರಲಿಲ್ಲ. ಮಾವನಿಗೆ ಸಂತೆಪೇಟೆಯಲ್ಲಿ ರಾಗಿ, ಜೋಳದ ಮಳಿಗೆ. ತೋಟ ಮಾತ್ರ ಅತ್ತೆಯದು. ನಂಜನಗೂಡು ರಸ್ತೆಯಲ್ಲಿ ಕಡಕೊಳಕ್ಕೆ ಸ್ವಲ್ಪ ಈಚೆ ಇದ್ದ ಆ ತುಂಡು ನೆಲವನ್ನು ನಮ್ಮಜ್ಜ ಅರಿಶಿನ ಕುಂಕುಮಕ್ಕೆಂದು ಮಗಳಿಗೆ ಕೊಟ್ಟಿದ್ದರು. ಬದನೆ, ಹುರುಳಿಕಾಯಿ, ಟೊಮೆಟೊ, ಮೂಲೆಯಲ್ಲಿ ಒಂದಿಷ್ಟು ಸೊಪ್ಪು. ಬೆಳಗಿನ ಪೂಜೆ ಮುಗಿಸಿ, ಸೆರಗು ಬಿಗಿದು, ಅತ್ತೆ ಬಸ್ಸು ಹತ್ತಿದರೆ ಮತ್ತೆ ಮನೆಗೆ ಬರುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿಗೆ.

ಸೋಮವಾರದ ಮೊದಲ ಕೊಯ್ಲು ಮಾರಾಟಕ್ಕಿಲ್ಲ. ಅದು ಮಠದ್ದು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿ ಉಳಿದು ಓದುವ ಮಕ್ಕಳಿಗೂ ಹೊತ್ತಿಗೆ ಬಂದವರಿಗೂ ದಾಸೋಹ. ಅತ್ತೆಯ ಅತ್ತೆಯ ಕಾಲದಿಂದಲೂ ನಮ್ಮ ಮನೆಯ ಬುಟ್ಟಿ ಆ ಅಡಿಗೆಮನೆಗೆ ಹೋಗುತ್ತಿತ್ತು. ಅತ್ತೆಗೆ ಆ ಬುಟ್ಟಿಯ ಮೇಲೆ ಎಂಥ ಅಭಿಮಾನವೆಂದರೆ, ಯಾರದೋ ಮದುವೆಗೆ ಹೋಗಲಾರೆ ಎನ್ನಬೇಕಾದಾಗ "ಸೋಮವಾರ ಬಂದ್ಬುಟ್ಟಿದೆಯಲ್ಲ" ಎನ್ನುತ್ತಿದ್ದರು. ಅದರ ಮೇಲೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಮಾವ ತೀರಿಕೊಂಡರು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ. ಸ್ವಂತ ನೆಲವಿದ್ದರೆ ಅಲ್ಲೇ ಗುಣಿ ತೆಗೆದು, ಕೂರಿಸಿ, ವಿಭೂತಿ ಬಿಲ್ವಪತ್ರೆಗಳ ಜೊತೆ ಮಣ್ಣು ಮಾಡುತ್ತೇವೆ. ಬದನೆ ಮಡಿಯ ಪಕ್ಕದಲ್ಲಿ ಜಾಗ ಗೊತ್ತುಮಾಡಿದ್ದಾಯಿತು. ನಾವು ಮೆರವಣಿಗೆಯಲ್ಲಿ ತೋಟ ತಲುಪಿದಾಗ ಗುಣಿ ತಯಾರಿರಬೇಕಿತ್ತು. ನೋಡಿದರೆ ಮೊಣಕಾಲುದ್ದವೂ ಆಗಿರಲಿಲ್ಲ. ಗುದ್ದಲಿ ನೆಲಕ್ಕೆ ಬಿದ್ದು ಟಣ್ಣೆಂದು ವಾಪಸು ಬರುತ್ತಿತ್ತು. ಅಗೆಯುವವರು ಬೆವರು ಒರೆಸಿಕೊಂಡು, "ಇದೇನು ತೋಟವೋ ಟಾರ್ ರಸ್ತೆಯೋ ಸ್ವಾಮಿ" ಎಂದರು. ರಸ್ತೆ ಕೆಲಸದವರ ಹತ್ತಿರ ಹಾರೆ ತರಲು ಯಾರೋ ಸೈಕಲ್ಲಿನಲ್ಲಿ ಓಡಿದರು. ಅಲ್ಲಿಯವರೆಗೆ ಮಾವನನ್ನು ಹೊಂಗೆ ಮರದ ನೆರಳಿನಲ್ಲಿ ಕೂರಿಸಿದ್ದೆವು. ಭಜನೆಯವರು ತಮಗೆ ಬರುವ ಹಾಡೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಬದುಕಿದ್ದಾಗ ಯಾರನ್ನೂ ಕಾಯಿಸದ ಮನುಷ್ಯ, ಅವತ್ತು ಎಲ್ಲರನ್ನೂ ಕಾಯಿಸಿದರು.

ಕೊನೆಗೆ ಹಿಡಿ ಮಣ್ಣು ಹಾಕುವ ಹೊತ್ತು ಬಂತು. ಅತ್ತೆ ಒಂದು ಹೆಂಟೆ ತೆಗೆದುಕೊಂಡರು. ಪುಡಿ ಮಾಡಲು ಒತ್ತಿದರು, ಆಗಲಿಲ್ಲ. ಎರಡು ಕೈ ಹಾಕಿ ಒತ್ತಿದರೂ ಆಗಲಿಲ್ಲ. ಅಂಥ ಹೊತ್ತಿನಲ್ಲೂ ಅದನ್ನು ಮೂಗಿನ ಹತ್ತಿರ ಹಿಡಿದದ್ದನ್ನು ನಾನು ನೋಡಿದೆ. ಮನೆಗೆ ಬಂದು, ಸ್ನಾನ ಮಾಡಿ, ನಡುಮನೆಯ ಕಂಬಕ್ಕೆ ಒರಗಿ ಕೂತು ನನ್ನನ್ನು ಕರೆದರು.

"ನನ್ನ ತೋಟ, ನನ್ನ ಗಂಡನಿಗೆ ಕೂರೋಕೆ ಜಾಗ ಕೊಡಲ್ಲ ಅಂತು ಕಣೋ. ಆ ಮಣ್ಣಿಗೆ ವಾಸನೆಯೇ ಇಲ್ಲ. ಮಣ್ಣಿಗೆ ಮಣ್ಣಿನ ವಾಸನೆ ಇಲ್ಲ ಅಂದ್ರೆ ಏನು ಅರ್ಥ?"

ಅದರ ಉತ್ತರವೂ ಅವರ ಹತ್ತಿರ ಇತ್ತು. ವರ್ಷ ವರ್ಷವೂ ಚೀಲದ ಗೊಬ್ಬರ ಹೆಚ್ಚುತ್ತಾ ಬಂದದ್ದು, ಕೊಟ್ಟಿಗೆ ಗೊಬ್ಬರ ದುಬಾರಿಯೆಂದು ಕಡಿಮೆಯಾದದ್ದು, ಕಾಯಿ ದಪ್ಪಗಾಗಿಯೂ ಸಪ್ಪಗಾದದ್ದು ಅವರ ಮೂಗಿಗೆ ಮೊದಲೇ ತಿಳಿದಿತ್ತು. ಗೊಬ್ಬರದಂಗಡಿಯವರನ್ನು ಕೇಳಿದರೆ ಇನ್ನೊಂದು ಚೀಲ ಹಾಕಿ ಎನ್ನುತ್ತಿದ್ದರು. ಅತ್ತೆ ಹಾಕುತ್ತಿದ್ದರು. ಅವತ್ತಿನಿಂದ ಅವರಿಗೆ ಅದೊಂದೇ ಚಿಂತೆ: ಈ ಮಣ್ಣು ಮತ್ತೆ ಮಣ್ಣಾಗಬೇಕು.

ಅದಾದ ಸ್ವಲ್ಪ ಕಾಲಕ್ಕೆ, ಬಿಎಸ್‌ಸಿ ಮುಗಿಸಿದ್ದ ನನಗೆ ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಮಿಳುನಾಡಿನ ಕಡಲ ತೀರದಿಂದ ಒಣಗಿದ ಕಡಲ ಪಾಚಿ ಲಾರಿಯಲ್ಲಿ ಬರುತ್ತಿತ್ತು. ಅದನ್ನು ತೊಳೆದು, ಬೇಯಿಸಿ, ಸೋಸಿದರೆ ಜೋನಿಬೆಲ್ಲದ ಬಣ್ಣದ ಒಂದು ದ್ರವ. ನೀರಿಗೆ ಬೆರೆಸಿ ಗಿಡದ ಮೇಲೆ ಸಿಂಪಡಿಸಬೇಕು, ಬುಡಕ್ಕೆ ಹಾಕಬೇಕು. ಬಣ್ಣ ಬೆಲ್ಲದ್ದಾದರೂ ವಾಸನೆ ಮೀನಿನ ಮಾರುಕಟ್ಟೆಯದು. ಮೊದಲ ದಿನ ಕೆಲಸ ಮುಗಿಸಿ ಬಂದ ನನ್ನನ್ನು ಅತ್ತೆ ಹೊಸಿಲಿನಲ್ಲೇ ತಡೆದರು. ಹೊಳ್ಳೆ ಅರಳಿತು, ಹರಳು ಮಿಂಚಿತು. ಬೀದಿಯವರಿಗೆಲ್ಲ ಕೇಳುವಂತೆ ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿ ನಿಂತೆ.

"ಮೀನಲ್ಲ ಇದು," ಎಂದರು ಅತ್ತೆ, ಯೋಚಿಸುತ್ತಾ. "ಮೀನಿನ ಪಕ್ಕದ ಮನೆಯದು. ಏನೋ ಸೊಪ್ಪು."

ಅತ್ತೆ ಕಡಲನ್ನು ಜನ್ಮದಲ್ಲಿ ಕಂಡವರಲ್ಲ. ನನಗೆ ನಗು ಬಂತು, ಆಶ್ಚರ್ಯವೂ ಆಯಿತು. ಊಟಕ್ಕೆ ಕೂತಾಗ ಎಲ್ಲವನ್ನೂ ವಿವರಿಸಿದೆ. ಇದು ಗೊಬ್ಬರವಲ್ಲ ಅತ್ತೆ, ಗಿಡಕ್ಕೆ ಚೈತನ್ಯ ಕೊಡುತ್ತದೆ, ಬೇರು ಚೆನ್ನಾಗಿ ಬಿಡುತ್ತದೆ, ಹಾಕಿದ ಗೊಬ್ಬರವನ್ನು ಗಿಡ ಪೂರ್ತಿ ಬಳಸಿಕೊಳ್ಳುತ್ತದೆ, ಹಾಗಾಗಿ ಗೊಬ್ಬರ ಕಡಿಮೆ ಸಾಕು ಎಂದೆಲ್ಲ ಕಾರ್ಖಾನೆಯಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಅತ್ತೆ ಮಜ್ಜಿಗೆ ಬಡಿಸುತ್ತಾ ಕೇಳಿಸಿಕೊಂಡು, "ಅಂದ್ರೆ ಜೀರಿಗೆ ಕಷಾಯ ಇದ್ದ ಹಾಗೆ. ಹೊಟ್ಟೆ ತುಂಬಿಸಲ್ಲ, ಉಂಡಿದ್ದನ್ನ ಅರಗಿಸುತ್ತೆ" ಎಂದರು. ಆಮೇಲೆ ನಾನು ಎಷ್ಟೋ ರೈತರಿಗೆ ಈ ಸರಕನ್ನು ವಿವರಿಸಿದ್ದೇನೆ. ಅವರೆಲ್ಲರಿಗೂ ಹೇಳಿದ್ದು ಅತ್ತೆಯ ಜೀರಿಗೆ ಕಷಾಯವನ್ನೇ.

ಆದರೆ ಇಷ್ಟು ತಿಳಿದಿದ್ದ ಅತ್ತೆಯೇ ಮೊದಲ ಬೆಳೆಯಲ್ಲಿ ಎಡವಿದರು. ಗಂಡನಿಗೆ ಜಾಗ ಕೊಡದ ಆ ಬಿಳಿ ಚೀಲದ ಮೇಲೆ ಅವರಿಗೆ ಎಷ್ಟು ಕೋಪವಿತ್ತೆಂದರೆ, ಯೂರಿಯಾವನ್ನು ಒಂದೇ ಏಟಿಗೆ ಪೂರ್ತಿ ನಿಲ್ಲಿಸಿ ಬರೀ ಪಾಚಿಯ ನೀರು ಹೊಡೆಸಿದರು. ಗಿಡಗಳು ಕೆಲವು ದಿನ ಹುರುಪಿನಲ್ಲಿದ್ದು ಆಮೇಲೆ ಹಳದಿಗಟ್ಟಿದವು. ತೋಟದಲ್ಲಿ ಕೆಲಸಕ್ಕಿದ್ದ ಚಿಕ್ಕತಾಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಕಾಮಾಲೆ ಬಂದಂಗದೆ ಕಣವ್ವ. ಎಂಗೆ ಕಾಯಿ ಬುಟ್ಟಾವು?" ಎಂದಳು. ಅತ್ತೆ ಮಡಿಯ ಅಂಚಿನಲ್ಲಿ ಕೂತು ಒಂದು ಹಳದಿ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಷಾಯ ಕುಡಿಸಿ ಉಪವಾಸ ಕೆಡವಿದ್ದೀನಿ. ಕೋಪ ನನ್ನದು, ಹಸಿವು ಇದರದ್ದು," ಎಂದರು.

ಮುಂದಿನ ಬೆಳೆಗೆ ದಾರಿ ಸರಿಹೋಯಿತು. ತಿಪ್ಪೆಗೊಬ್ಬರ ತರಿಸಿ ಹರಡಿದರು. ಚೀಲದ ಗೊಬ್ಬರವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಹೂ ಬಿಡುವ ಮುಂಚೆ ಒಮ್ಮೆ, ಕಾಯಿ ಕಚ್ಚುವಾಗ ಒಮ್ಮೆ ಪಾಚಿಯ ನೀರು. ಹೊಲಿಸಿದ ಹೊಸ ರವಿಕೆಯನ್ನು ನೋಡುವ ಹಾಗೆ ಅತ್ತೆ ದಿನವೂ ಗಿಡಗಳನ್ನು ಹಿಂದೆ ಮುಂದೆ ನೋಡುತ್ತಿದ್ದರು. ಕಾಯಿ ಚೆನ್ನಾಗಿಯೇ ಬಂತು. ಮೊದಲ ಬುಟ್ಟಿ ಮಠಕ್ಕೆ ಹೋಯಿತು, ಮಕ್ಕಳು ಎಣ್ಣೆಗಾಯಿ ಪಲ್ಯವನ್ನು ಚಪ್ಪರಿಸಿ ತಿಂದರೆಂಬ ಸುದ್ದಿಯೂ ಬಂತು.

ಎಡವಟ್ಟಾದದ್ದು ಬಸ್ಸಿನಲ್ಲಿ. ತೋಟದ ಪಂಪ್‌ಸೆಟ್ ಮನೆಯ ಬೀಗವನ್ನು ಯಾರೋ ಮುರಿದಿದ್ದರಿಂದ ಪಾಚಿಯ ನೀರಿನ ಕ್ಯಾನನ್ನು ಮನೆಯಲ್ಲೇ ಇಟ್ಟುಕೊಳ್ಳಲು ಅತ್ತೆ ತೀರ್ಮಾನಿಸಿದರು. ನಾನು ಕಾರ್ಖಾನೆಯಿಂದ ಕ್ಯಾನ್ ಹಿಡಿದು ಬಂದೆ, ಅವರು ತೋಟದ ಹತ್ತಿರ ಅದೇ ಬಸ್ಸು ಹತ್ತಿದರು. ಸಂಜೆಯ ಬಸ್ಸು, ಕಾಲಿಡಲು ಜಾಗವಿಲ್ಲ. ಯಾರದೋ ಗಂಟು ಕ್ಯಾನಿನ ಮೇಲೆ ಬಿದ್ದು ಮುಚ್ಚಳ ಸಡಿಲವಾಯಿತು. ಮೊದಲು ಮುಂದಿನ ಸೀಟಿನವರು ಮೂಗು ಮುಚ್ಚಿದರು, ಆಮೇಲೆ ಹಿಂದಿನವರು. ಕಂಡಕ್ಟರು ಶೀಟಿ ಊದಿ ಬಸ್ಸು ನಿಲ್ಲಿಸಿದ.

"ಯಾರ್ರೀ ಅದು ಮೀನು ತಂದಿರೋರು? ಇಳೀರಿ ಕೆಳಗೆ!"

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅತ್ತೆ ಎದ್ದು ನಿಂತರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ, ಕಾಲಬುಡದಲ್ಲಿ ಸೋರುವ ಕ್ಯಾನು.

"ತಂದಿರೋಳು ನಾನೇ. ಮೀನಲ್ಲ, ಸಮುದ್ರದ ಸೊಪ್ಪು. ನಮ್ಮ ಬದನೆಗೆ," ಎಂದರು.

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಯಾರೋ "ಅಜ್ಜಿ, ಸಮುದ್ರದ ಸೊಪ್ಪಿಗೆ ಮಸಾಲೆ ಏನು ಹಾಕ್ತೀರ?" ಎಂದ. ನಾವು ಇಳಿದು ಉಳಿದ ದಾರಿಯನ್ನು ನಡೆದೆವು. ಅತ್ತೆ ನಗುವವರ ಮೇಲೆ ಸಿಟ್ಟಾಗಲಿಲ್ಲ. ನನ್ನನ್ನು ಮಾತ್ರ, "ನೀನ್ಯಾಕೋ ಕಿಟಕೀಲಿ ಚಾಮುಂಡಿ ಬೆಟ್ಟ ನೋಡ್ತಿದ್ದೆ? ಅದು ಆ ಕಡೆ ಇಲ್ಲ" ಎಂದು ಛೇಡಿಸಿದರು.

ಆದರೆ ಆ ಬಸ್ಸಿನಲ್ಲಿ ನಮ್ಮ ಬೀದಿಯವರೂ ಇದ್ದರು. ಸುದ್ದಿಗೆ ಕಾಲು ಬಂತು. ಕ್ಯಾನು ಬೇರೆ ನಮ್ಮ ಮೆಟ್ಟಿಲ ಕೆಳಗೆ ಕೂತು ಬೀದಿಗೆಲ್ಲ ಸಾಕ್ಷಿ ಹೇಳುತ್ತಿತ್ತು. ಆ ಅಮ್ಮ ಗಿಡಕ್ಕೆ ಮೀನಿನ ನೀರು ಹಾಕ್ತಾರಂತೆ, ಅದೇ ಕಾಯಿ ಮಠಕ್ಕೆ ಕೊಡ್ತಾರಂತೆ. ಮುಂದಿನ ಸೋಮವಾರ ಅತ್ತೆ ಬುಟ್ಟಿ ಹೊತ್ತು ಹೋದವರು ಅದೇ ಬುಟ್ಟಿ ಹೊತ್ತು ವಾಪಸು ಬಂದರು. ನಡುಮನೆಯಲ್ಲಿ ಇಳಿಸಿ, ಬದನೆಕಾಯಿಗಳ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಸರಿಮಾಡಿ, ಅದರ ಪಕ್ಕದಲ್ಲೇ ಕೂತರು. ಅತ್ತೆ ಅತ್ತದ್ದನ್ನು ನಾನು ಮಾವ ಹೋದಾಗಲೂ ಕಂಡಿರಲಿಲ್ಲ. ಅವತ್ತು ಕಂಡೆ.

ಸಂಜೆ ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಹಿರಿಯರು ತಾವೇ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಒಲೆಯ ಮುಂದೆ ಬೆಂದು ಹಣ್ಣಾದವರು. ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ನೆಲ ನೋಡುತ್ತಾ ಮಾತಾಡಿದರು.

"ನನಗೆ ನಿಮ್ಮ ಮೇಲೆ ಅನುಮಾನ ಇಲ್ಲ ತಾಯಿ. ಆದರೆ ಊಟಕ್ಕೆ ಕೂತೋರು ಎಲೆ ಮುಂದೆ ಮುಖ ಸಿಂಡರಿಸಿದ್ರೆ ನಾನೇನು ಮಾಡ್ಲಿ? ಆ ಹೊಸ ಔಷಧಿ ಬಿಟ್ಟುಬಿಡಿ. ಮೊದಲು ಹಾಕ್ತಿದ್ದ ಗೊಬ್ಬರವನ್ನೇ ಹಾಕಿ. ಬುಟ್ಟಿ ನಾಳೆಯೇ ತನ್ನಿ, ನಾನೇ ಇಳಿಸಿಕೊಳ್ತೀನಿ."

ದಾರಿ ಅಷ್ಟು ಸುಲಭವಾಗಿತ್ತು. ಹೂಂ ಎಂದರೆ ಸೋಮವಾರ ಉಳಿಯುತ್ತಿತ್ತು, ಮಣ್ಣು ಹೋಗುತ್ತಿತ್ತು. ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. "ಮೊದಲು ನಾನೇ ನೋಡಿಬಿಡ್ತೀನಿ ಯಜಮಾನ್ರೇ. ನೋಡದೆ ನಾನೂ ಮಾತಾಡಬಾರದು," ಎಂದು ಅವರನ್ನು ಕಳಿಸಿಕೊಟ್ಟರು. ನನ್ನ ಕಡೆ ತಿರುಗಿ, ಬೇಯಿಸುವ ಮುಂಚಿನ ಒಣ ಪಾಚಿ ತರಲು ಹೇಳಿದರು.

ಮರುದಿನ ತಂದೆ. ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದರು. ಕಡ್ಡಿಯಂತಿದ್ದ ಪಾಚಿ ಉಬ್ಬಿ, ಎಲೆ ಬಿಚ್ಚಿ, ನಡುನಡುವೆ ಕಾಕಿಹಣ್ಣಿನಷ್ಟು ಪುಟ್ಟ ಗುಳ್ಳೆಗಳು ಎದ್ದವು. ಅತ್ತೆಗೆ ಅದರ ಮೇಲೆ ಪ್ರೀತಿಯೇ ಬಂತೆಂದು ಕಾಣುತ್ತದೆ. "ನೋಡೋ, ಎಷ್ಟು ಚೆನ್ನಾಗಿದೆ. ಯಾರೂ ಗೊಬ್ಬರ ಹಾಕದೆ ಬೆಳೆದಿದೆ," ಎಂದರು. ಆಮೇಲೆ ಹಳೆಯ ಪೇಪರು ಹಾಸಿ, ದಿನವೂ ದಂಟಿನ ಸೊಪ್ಪು ಸೋಸುವ ಹಾಗೆಯೇ ಎಸಳು ಎಸಳಾಗಿ ಸೋಸಲು ಕೂತರು. ಸ್ವಲ್ಪ ಹೊತ್ತಿಗೆ ಅವರ ಬೆರಳು ನಿಂತಿತು. ರಾಗಿ ಕಾಳಿನಷ್ಟು ಒಂದು ಬಿಳಿ ಚಿಪ್ಪು. ಹುಡುಕಿದರೆ ಇನ್ನೂ ಕೆಲವು ಇದ್ದವು.

"ಅದು ಖಾಲಿ ಚಿಪ್ಪು ಅತ್ತೆ," ಎಂದೆ.

"ಖಾಲಿ ಅಂತ ಕಾಣುತ್ತೆ ಕಣೋ. ಒಂದು ಕಾಲಕ್ಕೆ ತುಂಬಿತ್ತಲ್ಲ."

"ಅವರು ಮೀನಾ ಅಂತ ಕೇಳಿದ್ದು. ಮೀನಲ್ಲ ಅನ್ನಿ. ಅದು ನಿಜವೇ ಅಲ್ವಾ?"

ಅತ್ತೆ ನನ್ನನ್ನು ಒಂದು ಕ್ಷಣ ಮೂಸುವ ಹಾಗೆ ನೋಡಿದರು. "ಸೊಪ್ಪಲ್ಲಿ ಹುಳ ಕಂಡ ಮೇಲೆ ಕಂಡಿಲ್ಲ ಅಂತ ಬಡಿಸೋದು ನನಗೆ ಬರಲ್ಲ," ಎಂದರು.

ಚಿಪ್ಪುಗಳನ್ನು ಒಂದು ಬಟ್ಟಲಲ್ಲಿ ಹಾಕಿಕೊಂಡು ಮಠಕ್ಕೆ ಹೊರಟರು, ನನ್ನನ್ನೂ ಕರೆದುಕೊಂಡರು. ಅಡಿಗೆಮನೆಯ ಹಿಂದಿನ ಕಟ್ಟೆಯ ಮೇಲೆ ಹಿರಿಯರ ಮುಂದೆ ಬಟ್ಟಲನ್ನಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇದು ಗಿಡವೇ, ಆದರೆ ಗಿಡಕ್ಕೆ ಇವು ಅಂಟಿಕೊಂಡು ಬಂದಿವೆ. ಹಿರಿಯರು ಬಟ್ಟಲನ್ನು ನೋಡಿದರು, ಅತ್ತೆಯನ್ನು ನೋಡಿದರು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಹಾಗಾದ್ರೆ ನಾನು ಹೇಳಿದ ಹಾಗೆ ಹಳೆಯದನ್ನೇ..." ಎಂದು ಶುರುಮಾಡಿದರು.

ಆಗ ಅತ್ತೆ ಹೇಳಿದ ಮಾತು ನನಗೆ ಬಾಯಿಪಾಠ ಆಗಿಬಿಟ್ಟಿದೆ. "ಆ ಗೊಬ್ಬರ ಬಿಳಿ ಚೀಲದಲ್ಲಿ ಬಂತು, ವಾಸನೆ ಇರಲಿಲ್ಲ, ಯಾರೂ ಅದರ ಹುಟ್ಟು ಕೇಳಲಿಲ್ಲ. ನನ್ನ ಮಣ್ಣನ್ನ ಕಲ್ಲು ಮಾಡ್ತು, ಆಗಲೂ ಕೇಳಲಿಲ್ಲ. ಇದು ಪಾಪ, ವಾಸನೆ ಹೊತ್ಕೊಂಡು ಬಂತು, ಅದಕ್ಕೆ ಕೇಳ್ತಿದ್ದೀರಿ. ಕೇಳಿ, ತಪ್ಪಲ್ಲ. ನಾನು ಇದನ್ನ ಶುದ್ಧ ಮಾಡ್ಕೊಂಡು ಬರ್ತೀನಿ. ಅಲ್ಲೀ ತನಕ ಬುಟ್ಟಿ ತರಲ್ಲ."

ಅಷ್ಟು ಹೇಳಿ ಎದ್ದವರು ಮನೆಗೆ ಹೊರಡಲಿಲ್ಲ. ಅಡಿಗೆಮನೆಗೆ ಹೋಗಿ, ಗೋಡೆಗೆ ಒರಗಿಸಿದ್ದ ಈಳಿಗೆಮಣೆಯನ್ನು ಎಳೆದುಕೊಂಡು, ಬೇರೆ ಯಾರೋ ಕೊಟ್ಟಿದ್ದ ಕುಂಬಳಕಾಯಿ ಹೆಚ್ಚಲು ಕೂತರು. ನಾನು ಕಣ್ಣು ಕಣ್ಣು ಬಿಟ್ಟೆ. "ತರಕಾರಿ ಬೇಡ ಅಂದ್ರು. ಕೈ ಬೇಡ ಅನ್ನಲಿಲ್ವಲ್ಲ," ಎಂದರು ಅತ್ತೆ, ತಲೆ ಎತ್ತದೆ.

ಅವತ್ತಿನಿಂದ ಸೋಮವಾರ ಸೋಮವಾರ ಬರಿಗೈಯಲ್ಲಿ ಹೋಗಿ ಪರರ ತರಕಾರಿ ಹೆಚ್ಚಿ ಬರುತ್ತಿದ್ದರು. ಕೆಲವರು ಅವರಿಂದ ಸ್ವಲ್ಪ ದೂರ ಸರಿದು ಕೂರುತ್ತಿದ್ದರಂತೆ. ಅತ್ತೆ ಅದನ್ನು ಮನೆಯಲ್ಲಿ ಹೇಳಲಿಲ್ಲ. ಬೇರೆಯವರಿಂದ ನನಗೆ ತಿಳಿಯಿತು, ನನಗೆ ಮೈ ಉರಿಯಿತು. ಅವರ ಕೆಲಸ ಅವರಿಗೆ ಬಿಡಿ ಅತ್ತೆ, ಹೋಗಬೇಡಿ ಎಂದೆ. "ಹುಡುಗರು ಊಟ ಮಾಡಬೇಕಲ್ಲಪ್ಪ" ಎಂದು ಮಾತು ಮುಗಿಸಿದರು.

ಇತ್ತ ಅತ್ತೆ ನಮ್ಮ ಕಾರ್ಖಾನೆಗೂ ಬಂದರು. ನಮ್ಮ ಮಾಲೀಕರು ಯಾದವಗಿರಿಯ ಬಂಗಲೆಯವರು, ಕಾರಿನಿಂದ ಇಳಿದು ಗೋಡೌನಿಗೆ ಬರುವಾಗ ಕರವಸ್ತ್ರ ಮೂಗಿಗೆ ಹಿಡಿಯುವವರು. ಅವರ ಮುಂದೆ ಅತ್ತೆ ಒಂದು ಮೊರ ಹಿಡಿದು ನಿಂತರು.

"ಸೊಪ್ಪು ಸೋಸದೆ ಬೇಯಿಸ್ತಾರೇನಪ್ಪಾ ಯಾರಾದ್ರೂ?"

"ತೊಳೀತೀವಲ್ಲಮ್ಮ. ಎಷ್ಟೋ ಗೋಣಿ ಬರುತ್ತೆ, ಕೂತು ಸೋಸೋಕೆ ಆಗುತ್ತಾ?"

"ನಿಮ್ಮ ಗೋಣಿ ನಿಮಗೆ. ನನ್ನ ತೋಟಕ್ಕೆ ಬೇಕಾದಷ್ಟನ್ನ ನಾನೇ ಸೋಸಿಕೊಡ್ತೀನಿ. ಅದನ್ನ ಬೇರೆ ಬೇಯಿಸಿಕೊಡಿ."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ಗೋಡೌನಿನ ಬಾಗಿಲಲ್ಲಿ ಗಾಳಿಗೆ ಎದುರಾಗಿ ಅತ್ತೆ ಕೂತರು. ಪಾಚಿ ತೊಳೆಯುವ ಹೆಂಗಸರು ಮೊದಲು ದೂರದಿಂದ ನೋಡಿದರು. ಊಟದ ಬಿಡುವಿನಲ್ಲಿ ಒಬ್ಬಳು ಬಂದು ಕೂತಳು, ಆಮೇಲೆ ಇನ್ನೊಬ್ಬಳು. ಸೊಪ್ಪು ಸೋಸುವ ಕಡೆ ಹೆಂಗಸರು ಕೈಕಟ್ಟಿ ಕೂರಲಾರರು, ಬಾಯಿಕಟ್ಟಿಯೂ ಕೂರಲಾರರು. ಗಂಡಂದಿರ ಕಥೆ, ನಾದಿನಿಯರ ಕಥೆ ನಡೆಯುತ್ತಾ ಮೊರದಲ್ಲಿ ಚಿಪ್ಪು, ಮರಳು, ಬಲೆಯ ದಾರದ ಚೂರು ಒಂದು ಕಡೆ ಸೇರುತ್ತಿದ್ದವು. ನಮ್ಮಲ್ಲಿ ಅದಕ್ಕೆ 'ಅತ್ತೆ ಬ್ಯಾಚು' ಎಂದೇ ಹೆಸರಾಯಿತು. ವಾಸನೆ ಮಾತ್ರ ಎಷ್ಟು ಸೋಸಿದರೂ ಹೋಗಲಿಲ್ಲ. ಅದಕ್ಕೆ ಅತ್ತೆ, "ಹುಟ್ಟಿದ ಮನೆಯ ವಾಸನೆ, ಇರಲಿ ಬಿಡು" ಎಂದರು.

ಹೀಗೇ ಬೆಳೆಯ ಮೇಲೆ ಬೆಳೆ ಕಳೆಯಿತು. ಚೀಲದ ಗೊಬ್ಬರ ಇನ್ನಷ್ಟು ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಒಂದು ದಿನ ಚಿಕ್ಕತಾಯಮ್ಮ ಕಳೆ ಕೀಳುತ್ತಿದ್ದವಳು ಅಂಗೈ ಚಾಚಿ ಕರೆದಳು. ಕೈಯಲ್ಲಿ ಒಂದು ಎರೆಹುಳ. "ಎಲ್ಲೋಗಿದ್ಯೋ ಇಷ್ಟು ದಿನ ಅಂತ ಕೇಳವ್ವ ಇವನ್ನ!" ಎಂದಳು. ಅತ್ತೆ ನಿಜವಾಗಿಯೂ ಹುಳುವಿಗೆ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ.

ಅದೇ ಬೆಳೆಯ ಕೊಯ್ಲಿನ ಹೊತ್ತಿಗೆ ದಾಸೋಹದ ಹಿರಿಯರು ನಂಜನಗೂಡಿಗೆ ಹೋಗಿ ಬರುವಾಗ ನಡುವೆ ಬಸ್ಸಿಳಿದು ತೋಟಕ್ಕೆ ಬಂದರು. ಅತ್ತೆ ಒಂದು ಬದನೆಕಾಯಿ ಕಿತ್ತು ಅವರ ಕೈಗೆ ಕೊಟ್ಟರು. ಹಿರಿಯರು ಸುತ್ತ ನೋಡಿ, ಸಂಕೋಚದಿಂದ, ತೊಟ್ಟಿನ ಹತ್ತಿರ ಮೂಸಿದರು. ಮತ್ತೊಮ್ಮೆ ಮೂಸಿದರು.

"ಬದನೆಕಾಯಿ ವಾಸನೆ," ಎಂದರು.

"ಮತ್ತೇನು ಬರಬೇಕಿತ್ತು ಯಜಮಾನ್ರೇ?"

ಹಿರಿಯರು ಹೊಂಗೆ ಮರದ ಕೆಳಗೆ ಕೂತರು. "ಚಿಪ್ಪು ಸಿಕ್ತು ಅಂತ ನೀವೇ ಬಟ್ಟಲು ಹಿಡ್ಕೊಂಡು ಬಂದ್ರಲ್ಲ ತಾಯಿ, ಅವತ್ತೇ ನಾನು ಬುಟ್ಟಿ ಇಳಿಸಿಕೋಬೇಕಿತ್ತು. ಹೇಳದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನನಗೆ ಧೈರ್ಯ ಬರಲಿಲ್ಲ. ಬುಟ್ಟಿ ಎಲ್ಲಿ? ನಾನೇ ಹೊತ್ಕೊಂಡು ಹೋಗ್ತೀನಿ. ಕೇಳಿದೋರಿಗೆ ನಾನು ಹೇಳ್ತೀನಿ."

ಅವತ್ತು ಸೋಮವಾರವಲ್ಲ. ಅತ್ತೆ ಅದನ್ನು ನೆನಪಿಸಲೂ ಇಲ್ಲ. ಹಿರಿಯರು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ರಸ್ತೆಯ ಕಡೆ ನಡೆದರು. ಅತ್ತೆ ಅವರು ಬಸ್ಸು ಹತ್ತುವವರೆಗೂ ನೋಡುತ್ತಾ ನಿಂತು, ಆಮೇಲೆ ಸೆರಗಿನಿಂದ ಮೂಗನ್ನು ಒರೆಸಿಕೊಂಡರು.

ಆ ಮೂಗು ಕೊನೆಗಾಲದಲ್ಲಿ ಅವರನ್ನು ಬಿಟ್ಟುಹೋಯಿತು. ಎರಡು ಸಾವಿರದ ಇಸವಿಯ ಆಚೆಗೆ, ಒಂದು ಜೋರು ನೆಗಡಿ ಜ್ವರ ಬಂದು ಹೋದ ಮೇಲೆ ಯಾವ ವಾಸನೆಯೂ ತಿಳಿಯದಾಯಿತು. ಹಾಲು ಸೀದರೂ ಗೊತ್ತಿಲ್ಲ, ಮಲ್ಲಿಗೆ ಮುಡಿದರೂ ಗೊತ್ತಿಲ್ಲ. ವೈದ್ಯರು ವಯಸ್ಸು ಎಂದರು. ಅತ್ತೆ ಕುರುಡರಾದವರಂತೆ ತಡವರಿಸಿದರು. ಊಟ ಬೇಡವಾಯಿತು, ತೋಟಕ್ಕೆ ಹೋಗುವುದು ಕಡಿಮೆಯಾಯಿತು. ಆದರೆ ನಾನು ಭಾನುವಾರ ತೋಟಕ್ಕೆ ಹೋದರೆ ಒಂದು ಹಿಡಿ ಮಣ್ಣು ತರಲೇಬೇಕು. ಅದನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿ ನನ್ನ ಕಡೆ ಚಾಚುತ್ತಿದ್ದರು.

"ನೀನು ಮೂಸಿ ಹೇಳು. ಏನು ಬರುತ್ತೆ?"

"ಮಣ್ಣಿನ ವಾಸನೆ ಅತ್ತೆ."

"ಸರಿಯಾಗಿ ಮೂಸೋ. ಸುಮ್ನೆ ನನ್ನ ಸಮಾಧಾನಕ್ಕೆ ಹೇಳಬೇಡ."

ನಾನು ಮತ್ತೆ ಮೂಸುತ್ತಿದ್ದೆ. ಮೂಸುತ್ತಾ ಮೂಸುತ್ತಾ ನನಗೂ ಮಣ್ಣಿನ ವಾಸನೆ ಎಂಬುದು ಒಂದಲ್ಲ, ನೀರು ಬಿಟ್ಟ ದಿನದ್ದು ಬೇರೆ, ತಿಪ್ಪೆಗೊಬ್ಬರ ಬೆರೆತದ್ದು ಬೇರೆ, ಬೇರಿನ ಹತ್ತಿರದ್ದು ಬೇರೆ ಎಂದು ತಿಳಿಯತೊಡಗಿತು. ಅದನ್ನೆಲ್ಲ ಹೇಳಿದರೆ ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂಗುಬೊಟ್ಟು ಮಿಂಚುತ್ತಿರಲಿಲ್ಲ, ಮುಖ ಮಾತ್ರ ಬೆಳಗುತ್ತಿತ್ತು.

ಅವರು ಹೋದದ್ದೂ ಬೇಸಿಗೆಯಲ್ಲೇ. ಮಳೆಯಾಗಿ ತಿಂಗಳುಗಳಾಗಿದ್ದವು. ಮಾವನ ಪಕ್ಕದಲ್ಲಿ, ಬದನೆ ಮಡಿಯಲ್ಲೇ ತಮ್ಮನ್ನು ಕೂರಿಸಬೇಕೆಂದು ಮೊದಲೇ ಹೇಳಿದ್ದರು. ಗುಣಿ ತೆಗೆಯುವವರಿಗೆ ನಾನು ಬೆಳಿಗ್ಗೆಯೇ ಹಾರೆ, ಪಿಕಾಸಿ ಎಲ್ಲ ಒದಗಿಸಿದೆ. ಆ ಹಳೆಯ ದಿನದ ಟಣ್ಣೆನ್ನುವ ಸದ್ದು ನನ್ನ ಕಿವಿಯಲ್ಲೇ ಇತ್ತು. ಅತ್ತೆ ಬಿಸಿಲಿನಲ್ಲಿ ಕಾಯಬಾರದು, ಅಷ್ಟೇ ನನ್ನ ಆಸೆ. ನಾವು ಭಜನೆಯವರೊಂದಿಗೆ ತೋಟ ಸೇರಿದಾಗ ಅಗೆಯುವವರು ಹೊಂಗೆ ಮರದ ಕೆಳಗೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ನಾನು ಅವರ ಹತ್ತಿರ ಓಡಿದೆ.

"ಯಾಕ್ರೀ, ಆಗಲಿಲ್ವಾ?"

"ಆಗೋಗದೆ ಸ್ವಾಮಿ ಆಗಲೇ. ತಳದಲ್ಲಿ ಒಂದಿಷ್ಟು ಹಾರೆ ಕೇಳ್ತು. ಮೇಲಿಂದೆಲ್ಲ ಗುದ್ದಲಿಗೇ ಬಂದ್ಬುಡ್ತು. ಒಳ್ಳೆ ಮಣ್ಣು."

ಗುಣಿಯ ಪಕ್ಕದಲ್ಲಿ ರಾಶಿ ಬಿದ್ದಿದ್ದ ಮಣ್ಣು ಕಪ್ಪಗಿತ್ತು, ಉದುರಾಗಿತ್ತು. ಐನೋರು ಮಂತ್ರ ಹೇಳಿದರು. ಅತ್ತೆಯನ್ನು ಕೂರಿಸಿದ್ದಾಯಿತು. ವಿಭೂತಿ, ಬಿಲ್ವಪತ್ರೆ ಎಲ್ಲ ಆಗಿ ಹಿಡಿ ಮಣ್ಣು ಹಾಕಲು ನನ್ನನ್ನು ಕರೆದರು. ದಾಸೋಹದ ಹಿರಿಯರು ನನ್ನ ಪಕ್ಕದಲ್ಲೇ ನಿಂತಿದ್ದರು. ಚಿಕ್ಕತಾಯಮ್ಮ ಅಳುತ್ತಿದ್ದಳು.

ಇವತ್ತು ನಾನು ಉಣ್ಣುವ ಅನ್ನ, ರೈತರ ಮುಂದೆ ಆಡುವ ಮಾತು, ಕಂಡದ್ದನ್ನು ಕಂಡೆ ಎನ್ನುವ ಅಷ್ಟಿಷ್ಟು ಧೈರ್ಯ, ಎಲ್ಲವೂ ಅತ್ತೆ ಸೋಸಿ ಕೊಟ್ಟದ್ದು. ಅದನ್ನು ಅವರು ಇದ್ದಾಗ ಹೇಳಲಿಲ್ಲ. ಹೇಳಿದ್ದರೆ ಮೂಸಿ ನೋಡಿ, ಸ್ವಲ್ಪ ಹೊಗಳಿಕೆಯ ವಾಸನೆ ಬರುತ್ತಿದೆ ಎನ್ನುತ್ತಿದ್ದರು.

ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಬೆರಳು ಮಡಚುವ ಮೊದಲೇ ಅದು ಪುಡಿಯಾಯಿತು. ಎಲ್ಲರೂ ನೋಡುತ್ತಿದ್ದರೂ ಮೂಗಿನ ಹತ್ತಿರ ಹಿಡಿದು ಮೂಸಿದೆ. ಸರಿಯಾಗಿ, ಎರಡು ಸಲ ಮೂಸಿದೆ.

"ಮಣ್ಣಿನ ವಾಸನೆ ಅತ್ತೆ," ಎಂದು ಗಟ್ಟಿಯಾಗಿಯೇ ಹೇಳಿ, ಗುಣಿಯ ಮೇಲೆ ಹಿಡಿ ಬಿಚ್ಚಿದೆ.